ಎರಡನೆಯ ತೂಕ

ತಕ್ಕಡಿ ಜಪ್ತಿಯಾಯಿತು. ಅಂಗಡಿಯವನು ತಲೆಯ ಮೇಲೆ ಕೈ ಹೊತ್ತು ನಿಂತ.

"ಸಾರ್, ಒಂದೇ ತೂಕದ ಕಲ್ಲನ್ನ ಹನ್ನೆರಡು ವಾರ ತೂಗಿ ನೋಡಿ ಬರೆದಿಟ್ಟಿದೀನಿ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!"

"ನೋಡಿದೆ," ಎಂದರು ತೂಕ-ಅಳತೆ ಇನ್ಸ್‌ಪೆಕ್ಟರು. ತಕ್ಕಡಿ ಜೀಪಿಗೆ ಹೋಯಿತು.

ಮನೆಯ ಮೆಟ್ಟಿಲು ಹತ್ತುವಾಗ ಅವರು ಮೂರು ಕಡೆ ನಿಂತರು. ಎದೆಯ ಸ್ಕ್ಯಾನ್ ಆಗಿ ವಾರವಾಗಿತ್ತು. ಹೃದಯದ ರಕ್ತನಾಳಗಳಲ್ಲಿ ಕಟ್ಟಿಕೊಂಡ ಕ್ಯಾಲ್ಸಿಯಂ ಅಂಕ ನಾನೂರ ಹನ್ನೆರಡು. ಆಂಜಿಯೋಗ್ರಾಂ ಆಗಲೇಬೇಕು, ತಡ ಮಾಡಿದರೆ ಜೀವಕ್ಕೇ ಸಂಚಕಾರ ಎಂದಿದ್ದರು ವೈದ್ಯರು.

"ಒಂದೇ ಸಲ ತೂಗಿದ್ದು ತೂಕವೇ ಅಲ್ಲ," ಎಂದರು ಹೆಂಡತಿಗೆ. "ಇನ್ನೊಂದು ಸಲ ಆಗ್ಲಿ. ಎರಡೂ ಹೊಂದಿದ್ರೆ ಆಸ್ಪತ್ರೆಗೆ ಬರ್ತೀನಿ. ಇಲ್ದಿದ್ರೆ ಆ ಯಂತ್ರಾನೂ ಜಪ್ತಿ ಮಾಡ್ತೀನಿ."

ಸ್ಕ್ಯಾನ್ ಮಾಡುವವನು ಇನ್ಸ್‌ಪೆಕ್ಟರ ತಮ್ಮನೇ. ಎರಡನೆಯ ಸಲ ಬಂದದ್ದು ಮುನ್ನೂರ ತೊಂಬತ್ತೇಳು.

"ಅಯ್ಯೋ, ಹೊಂದಲಿಲ್ವಲ್ಲೋ!"

"ಅತ್ತಿಗೆ, ಹೃದಯ ಏನು ಅಕ್ಕಿ ಮೂಟೆನಾ, ಸುಮ್ನೆ ಕೂರೋಕೆ? ಬಡ್ಕೋತಾನೇ ಇರುತ್ತೆ. ಅಂಕ ಅಷ್ಟಿಷ್ಟು ಆಚೀಚೆ ಆಗೇ ಆಗುತ್ತೆ. ಎರಡೂ ಹೇಳೋದು ಒಂದೇ."

"ಅದು ನಿನಗೆ ಗೊತ್ತು. ನಿಮ್ಮಣ್ಣನ ಹಟಕ್ಕೆ ಗೊತ್ತಾ?"

ಮೈದುನ ಕಂಪ್ಯೂಟರಿನತ್ತ ತಿರುಗಿದ. ವೈದ್ಯರಿಗೆ ನಿಜವಾದ ವರದಿಯೇ ಹೋಯಿತು. ಮನೆಗೆ ಬಂದ ಹಾಳೆಯಲ್ಲಿ ಮಾತ್ರ ಅಚ್ಚುಕಟ್ಟಾಗಿ ನಾನೂರ ಹನ್ನೆರಡು ಇತ್ತು. ಪಾಪ ನನ್ನ ತಲೆಗೇ ಇರಲಿ, ಅವರನ್ನು ಉಳಿಸಿಕೊಡು ಎಂದು ಆಕೆ ದೇವರಿಗೆ ಕೈಮುಗಿದಳು.

ಇನ್ಸ್‌ಪೆಕ್ಟರು ಕನ್ನಡಕ ಏರಿಸಿ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಹೆಂಡತಿಯತ್ತ ನೋಡಿದರು. ಒರೆಸಿಟ್ಟ ಲೋಟವನ್ನೇ ಅವಳು ಮತ್ತೆ ಮತ್ತೆ ಒರೆಸುತ್ತಿದ್ದಳು.

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಎಂದರು. "ನಾಳೇನೇ ಹೊರಡೋಣ."

ಮರುದಿನ ಆಸ್ಪತ್ರೆಯಲ್ಲಿ ಅಣ್ಣನ ಗಾಲಿಮಂಚದ ಜೊತೆಗೇ ತಮ್ಮನೂ ನಡೆದ. ಪೇಟೆಯನ್ನೆಲ್ಲ ನಡುಗಿಸಿದ ಅಣ್ಣ ಒಂದು ಹಾಳೆಗೆ ಮೋಸಹೋದನಲ್ಲ ಎಂದು ಅವನಿಗೆ ಒಳಗೊಳಗೇ ನಗು. ಅತ್ತಿಗೆ ದೂರದ ಬೆಂಚಿನ ಮೇಲೆ ಕಣ್ಣುಮುಚ್ಚಿ ಕುಳಿತಿದ್ದಳು. ಆಂಜಿಯೋಗ್ರಾಂ ಕೋಣೆಯ ಬಾಗಿಲ ಹತ್ತಿರ ಅಣ್ಣ ಬೆರಳು ಆಡಿಸಿ ಕರೆದರು. ತಮ್ಮ ಬಾಗಿ ಕಿವಿಗೊಟ್ಟ.

"ನಿಜವಾಗಿ ತೂಗಿದ್ದು ಹೀಗೆ ಒಂದೇ ಸಮ ಬರಲ್ಲ ಕಣೋ, ಹತ್ತಿಪ್ಪತ್ತು ಆಚೀಚೆ ಇದ್ದಿದ್ರೆ ತಕರಾರಿಲ್ದೆ ನಂಬ್ತಿದ್ದೆ. ಪಾಪ, ನಿಮ್ಮತ್ತಿಗೆ ಇಷ್ಟೆಲ್ಲ ಮಾಡಿದಾಳಲ್ಲ ಅಂತ ಬಂದೆ, ಅವಳಿಗೆ ಹೇಳ್ಬೇಡ. ಅದಿರ್ಲಿ, ನಿಜವಾಗಿ ಎಷ್ಟು ಬಂದಿತ್ತು?"