ಮಿಲಿಟರಿ ಪಾದ್ರಿಯ ಒಂದೇ ಕುರಿ

"ಇಷ್ಟೊಂದು ಕೈದಿಗಳಿದ್ದಾರೆ ಪಾದ್ರಿಗಳೇ, ನೀವು ಯಾಕೆ ಆ ಬಡಗಿಯ ಕೋಣೆಗೇ ಅಂಟಿಕೊಂಡಿದ್ದೀರಿ?"

ಜೈಲರ್ ಕೇಳಿದ್ದು ತಮಾಷೆಯ ಧಾಟಿಯಲ್ಲೇ. ಆದರೆ ಕೇಳುತ್ತಲೇ ಪಾದ್ರಿಯ ಕೋಟಿನ ಜೇಬುಗಳನ್ನು ಇನ್ನೊಮ್ಮೆ ತಡವಿದ. ಬೈಬಲ್ಲಿನ ಹಾಳೆಗಳನ್ನು ಕೊಡವಿ ನೋಡಿದ.

"ಉಳಿದವರಿಗೆಲ್ಲ ಹೊರಗೆ ಹೋಗೋ ದಿನ ಅಂತ ಒಂದಿದೆ. ಅವನಿಗಿಲ್ಲ," ಎಂದರು ಪಾದ್ರಿ.

ಜೈಲಿನಲ್ಲಿ ಎಲ್ಲರೂ ಅವರನ್ನು ಮಿಲಿಟರಿ ಪಾದ್ರಿ ಎಂದೇ ಕರೆಯುತ್ತಿದ್ದರು. ಗಡಿಯಲ್ಲಿ ದೂರದ ಗುರಿಗೆ ಗುಂಡು ಹೊಡೆಯುವ ಕೆಲಸ ಮಾಡಿದವರು. ಕಲ್ಲುಗಳ ಸಂದಿಯಲ್ಲಿ ಅಲುಗಾಡದೆ ಮಲಗಿ, ಎದುರಿನವನು ತಲೆ ಎತ್ತುವ ತನಕ ಕಾಯಬೇಕು. ಅವರು ಅಲ್ಲಿದ್ದಾಗಲೇ ಮನೆಯಲ್ಲಿ ಸಾವಾಯಿತು. ಆಮೇಲೆ ಕೆಲಸ ಬಿಟ್ಟು ಬೈಬಲ್ ಶಾಲೆ ಸೇರಿದರು. ದೀಕ್ಷಾಸ್ನಾನದಲ್ಲಿ ಹೊಸ ಹೆಸರು ಬಂತು. ಹಳೆಯದನ್ನು ಯಾರೂ ಕೇಳಲಿಲ್ಲ. ದುಃಖ ಮನುಷ್ಯನನ್ನು ದೇವರ ಕಡೆ ತಳ್ಳುತ್ತದೆ ಎಂದು ಸಭೆಯವರು ಮಾತಾಡಿಕೊಂಡರು. ಅವರಿಗೆ ಒಳ್ಳೆಯ ಚರ್ಚು ಕೊಡಲು ಮುಂದೆ ಬಂದರು. ಪಾದ್ರಿ ಬೇಡವೆಂದರು. ಈ ಜೈಲೇ ಬೇಕೆಂದು ಹಟ ಹಿಡಿದರು.

ಬಡಗಿ ಒಂದು ಹೆಣ್ಣುಮಗುವನ್ನು ಕೊಂದವನು. ಕಪಾಟು ರಿಪೇರಿಗೆಂದು ಹೋದ ಮನೆಯ ಮಗು. ಸಾಕ್ಷಿಗಳು ಗಟ್ಟಿಯಾಗಿದ್ದವು, ಗಲ್ಲು ಖಾಯಂ ಆಗಿತ್ತು. ಆದರೂ ಅವನು ತಪ್ಪೊಪ್ಪಿಕೊಂಡಿರಲಿಲ್ಲ. ಕಾವಲುಗಾರರ ಮುಖಕ್ಕೆ ಉಗಿಯುತ್ತಿದ್ದ, ತಟ್ಟೆ ಎಸೆಯುತ್ತಿದ್ದ. ಪಾದ್ರಿ ಬಾಗಿಲಲ್ಲಿ ನಿಂತ ಮೊದಲ ದಿನ ಮಾತ್ರ ಏನನ್ನೂ ಎಸೆಯಲಿಲ್ಲ. ಬಹಳ ಹೊತ್ತು ಅವರ ಮುಖವನ್ನೇ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

ಪಾದ್ರಿ ನೆಲದ ಮೇಲೆ ಕೂತು ಕಾದರು. ಮರುವಾರವೂ ಕಾದರು. ಕೆಮ್ಮು ಬಂದಾಗ ಔಷಧಿ ತಂದರು, ಚಳಿಗೆ ತಮ್ಮ ಹಳೆಯ ಸ್ವೆಟರ್ ಕೊಟ್ಟರು. ಒಂದು ಸಂಜೆ ಬಡಗಿ ಈ ಕಡೆ ಹೊರಳಿದ.

"ನನ್ನಂಥವನಿಗೂ ಕ್ಷಮೆ ಇದೆಯಾ, ಅಯ್ಯಾ?"

"ನಿನ್ನಂಥವನಿಗೇ ಇರೋದು."

ಅಲ್ಲಿಂದ ಅವನು ಮಣ್ಣಿನಂತೆ ಮೆತ್ತಗಾದ. ಕೀರ್ತನೆ ಕಲಿತ, ಕಾವಲುಗಾರರ ಕಾಲು ಹಿಡಿದ. ಕೊನೆಗೊಮ್ಮೆ ಪಾಪ ನಿವೇದನೆಯನ್ನೂ ಮಾಡಿದ. ಎಲ್ಲವನ್ನೂ ಬಿಡಿಸಿ ಹೇಳಿದ. ಪಾದ್ರಿ ಒಮ್ಮೆಯೂ ತಡೆಯಲಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಕೊನೆಗೆ ಏನಾದರೂ ಅಂದಳಾ?"

ಬಡಗಿ ಅವರನ್ನೇ ನೋಡುತ್ತಾ ಹೇಳಿದ. "ಅಪ್ಪಾ ಅಂದಳು. ತುಂಬಾ ಸಲ ಅಂದಳು."

ಪಾದ್ರಿ ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಹೊರಗೆ ಬಂದು ಓಣಿಯ ಕೊನೆಯ ನಲ್ಲಿಯಲ್ಲಿ ಕೈ ತೊಳೆದರು. ಚರ್ಮ ಕೆಂಪಾಗುವಷ್ಟು ತೊಳೆದರು.

ಗಲ್ಲಿನ ದಿನ ಹತ್ತಿರವಾಗುತ್ತಿದ್ದಾಗ ಜೈಲರ್ ಒಂದು ತಕರಾರು ತಂದ. "ಮೇಲಿನವರು ಕೇಳ್ತಿದ್ದಾರೆ. ಅವನು ನಿಜವಾಗಿ ಬದಲಾಗಿದ್ದಾನೋ, ನಾಟಕವೋ? ನಾಟಕ ಅಂತಾದರೆ ನಿಮ್ಮ ಭೇಟಿ ಇವತ್ತಿಗೇ ಬಂದ್."

ಪಾದ್ರಿ ಗಾಬರಿಯಾದರು. ಅವರು ಗಾಬರಿಯಾದದ್ದನ್ನು ಜೈಲರ್ ನೋಡಿದ್ದು ಅದೇ ಮೊದಲು.

"ನಿಲ್ಲಿಸಬೇಡಿ. ಅವನು ಹೊಸ ಮನುಷ್ಯ. ಬೇಕಾದರೆ ನಾನೇ ಬಂದು ಆಣೆ ಮಾಡ್ತೀನಿ."

ಮಾಡಿದರು ಕೂಡ. ದೊಡ್ಡ ಅಧಿಕಾರಿಗಳ ಎದುರು, ಬೈಬಲ್ಲಿನ ಮೇಲೆ ಕೈಯಿಟ್ಟು ಹೇಳಿದರು. ಮಾತು ಎಷ್ಟು ಮನಮುಟ್ಟುವಂತಿತ್ತೆಂದರೆ ಒಬ್ಬ ಅಧಿಕಾರಿ ಕಣ್ಣು ಒರೆಸಿಕೊಂಡ. ಭೇಟಿ ಮುಂದುವರಿಯಿತು.

ಗಲ್ಲಿನ ಹಿಂದಿನ ದಿನ ಮಧ್ಯಾಹ್ನ ಪಾದ್ರಿ ಕೊನೆಯ ಪ್ರಾರ್ಥನೆಗೆ ಬಂದರು. ಬಡಗಿ ಮಂಡಿಯೂರಿ ಕೂತಿದ್ದ. ಮುಖ ಶಾಂತವಾಗಿತ್ತು.

"ನಾಳೆ ಇಲ್ಲಿ ಕಣ್ಣು ಮುಚ್ಚಿದರೆ ಕರ್ತನ ಎದುರಲ್ಲಿ ತೆರೀತೀನಲ್ವಾ, ಅಯ್ಯಾ?"

ಪಾದ್ರಿ ಅವನ ಪಕ್ಕ ಕೂತರು. ಕಿವಿಯ ಹತ್ತಿರ ಬಗ್ಗಿದರು.

"ಇಲ್ಲ," ಎಂದರು. "ಕರ್ತನೂ ಇಲ್ಲ, ಸ್ವರ್ಗವೂ ಇಲ್ಲ. ನಾನು ಒಂದು ದಿನವೂ ನಂಬಿದವನಲ್ಲ. ನಾಳೆ ನಿನ್ನ ಕಾಲ ಕೆಳಗಿನ ಹಲಗೆ ಬೀಳುತ್ತೆ, ಅಲ್ಲಿಗೆ ಮುಗೀತು."

ಬಡಗಿ ತಲೆ ಎತ್ತಲಿಲ್ಲ.

"ಕೋರ್ಟಿಗೆ ಒಬ್ಬ ಮುದುಕಿ ಬರ್ತಿದ್ದಳಲ್ಲ, ಮಗುವಿನ ಅಜ್ಜಿ? ಅವಳು ನನ್ನ ತಾಯಿ. ಕೋರ್ಟಿಗೆ ಬರೋಕೆ ನನಗೆ ರಜೆ ಸಿಕ್ಕಿರಲಿಲ್ಲ. ಏನನ್ನೂ ನಂಬದೆ ಸಾಯೋನಿಗೆ ಸಾವು ಒಂದು ಚಿಟಿಕೆ ಹೊಡೆದಷ್ಟು. ಅಷ್ಟು ಸುಲಭ ನಿನಗೆ ಸಿಗಬಾರದಿತ್ತು. ಅದಕ್ಕೇ ಸ್ವರ್ಗ ಕೊಟ್ಟೆ. ಈಗ ವಾಪಸ್ ತಗೋತಿದ್ದೀನಿ. ಇವತ್ತು ರಾತ್ರಿಯೆಲ್ಲ ಅದಿಲ್ಲದೆ ಕೂತಿರು."

ಹೇಳಿ, ಆ ಮುಖ ಕುಸಿಯುವುದನ್ನು ನೋಡಲು ಕಾದರು. ಈ ಒಂದು ಗಳಿಗೆಗಾಗಿಯೇ ಇಷ್ಟು ವರ್ಷ ಉಸಿರು ಹಿಡಿದಿದ್ದರು.

ಮುಖ ಕುಸಿಯಲಿಲ್ಲ. ಬೀಗ ತೆಗೆದ ಸದ್ದಾಯಿತು. ಜೈಲರ್ ಏದುಸಿರು ಬಿಡುತ್ತಾ ಒಳಗೆ ಬಂದು ಪಾದ್ರಿಯನ್ನು ಬಾಚಿ ತಬ್ಬಿಕೊಂಡ.

"ಗಲ್ಲು ರದ್ದಾಯ್ತು ಪಾದ್ರಿಗಳೇ! ಈಗಷ್ಟೇ ಫೋನ್ ಬಂತು. ನಿಮ್ಮ ಮಾತು ಕೇಳಿಯೇ ಮೇಲಿನವರ ಮನಸ್ಸು ಕರಗಿತಂತೆ. ತೋಟದಲ್ಲಿ ಕೆಲಸ ಮಾಡೋ ಬಯಲು ಜೈಲಿಗೆ ಕಳಿಸ್ತಾರೆ, ಹೀಗೇ ನಡ್ಕೊಂಡರೆ ಒಂದು ದಿನ ಮನೆಗೂ ಬಿಡ್ತಾರಂತೆ. ಒಂದು ಜೀವ ಉಳಿಸಿದಿರಿ ನೀವು!"

ಪಾದ್ರಿಗೆ ಆನಂದಕ್ಕೆ ಮಾತು ಕಟ್ಟಿದೆ ಎಂದುಕೊಂಡ ಜೈಲರ್, ನೀರು ತರಲು ಹೊರಗೆ ಓಡಿದ.

ಬಡಗಿ ಎದ್ದು ನಿಂತ. ಮಂಡಿಯ ಧೂಳು ಕೊಡವಿಕೊಂಡ. ಪಾದ್ರಿಯ ಕಿವಿಯ ಹತ್ತಿರ ಬಗ್ಗಿದ.

"ಬಾಗಿಲಲ್ಲಿ ನಿಂತ ದಿನವೇ ಗುರುತು ಸಿಕ್ಕಿತ್ತು, ಅಯ್ಯಾ. ಮಗಳು ಥೇಟ್ ನಿಮ್ಮ ಹಾಗೇ ಇದ್ದಳು."