ಗೊತ್ತಿಲ್ಲದವರ ಕುರ್ಚಿ

ವಿಮಲಮ್ಮ ಅಂದು ಮೈಮರೆತು ಸರಿಯಾದ ಗುಂಡಿಯನ್ನೇ ಒತ್ತಿಬಿಟ್ಟರು. ಒಂದಲ್ಲ, ಸಾಲಾಗಿ ಐದು. ಆಸ್ಪತ್ರೆ, ಡಾಕ್ಟರು, ದಿನ, ಹೊತ್ತು, ಹೆಸರು. ಹದಿನೆಂಟೇ ಸೆಕೆಂಡಿನಲ್ಲಿ 'ನಿಮ್ಮ ನಂಬರ್ ಸಿಕ್ಕಿದೆ' ಎಂದು ಫೋನಿನ ಪರದೆ ಹಸಿರಾಯಿತು. ಎದುರಿಗೆ ನೋಟ್‌ಬುಕ್ ಹಿಡಿದು ಕೂತಿದ್ದ ಇಂಜಿನಿಯರ್ ಅತುಲ್‌ನ ಪೆನ್ನು ಅಲ್ಲೇ ನಿಂತಿತು. ವಿಮಲಮ್ಮ ಬೆರಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು.

ಶಿವಮೊಗ್ಗದ ಹೊಸಮನೆಯಲ್ಲಿ, ಬೇಕರಿ ಮೇಲಿನ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಅವರ ಕೆಲಸ ಒಂದೇ ಆಗಿತ್ತು: ಗೊತ್ತಿಲ್ಲದಿರುವುದು. ಮೂರು ವರ್ಷದಿಂದ ಪ್ರತಿ ಗುರುವಾರ ಭದ್ರಾವತಿಯಿಂದ ಬಸ್ಸು ಹತ್ತಿ ಬಂದು, ಡಾಕ್ಟರ ಬಳಿ ನಂಬರ್ ಹಚ್ಚುವ ಆ್ಯಪನ್ನು ಒತ್ತುತ್ತಾ ಎಡವುತ್ತಿದ್ದರು. ಅವರು ಎಡವಿದಲ್ಲೆಲ್ಲ ಅತುಲ್ ತಿದ್ದುತ್ತಿದ್ದ. ಬಳಸುವವರು ತಪ್ಪು ಮಾಡಿದರೆ ಅದು ಅವರ ತಪ್ಪಲ್ಲ, ಪರದೆಯದು ಎಂಬುದು ಅವನ ಪಾಲಿಗೆ ವೇದವಾಕ್ಯ. ಅಕ್ಷರ ದಪ್ಪಗಾದದ್ದು ವಿಮಲಮ್ಮನ ಕಣ್ಣಿನಿಂದ, 'ಸಲ್ಲಿಸು' ಹೋಗಿ 'ಆಯ್ತು' ಬಂದದ್ದು ಅವರ ಬಾಯಿಂದ, ಹಿಂದಕ್ಕೆ ಬರುವ ಬಾಣ ದೊಡ್ಡದಾದದ್ದು ಅವರ ಗಾಬರಿಯಿಂದ. ಮನೆಯಲ್ಲಿ ಅವರು ಬಾಯಿ ತೆರೆದರೆ ಸಾಕು, ಮಗ ಸಂಜಯ್ "ನಿಂಗೊತ್ತಾಗಲ್ಲ, ಸುಮ್ನಿರಮ್ಮ" ಅನ್ನುತ್ತಿದ್ದ. ಇಲ್ಲಿ ಅದೇ ಗೊತ್ತಾಗದ್ದಕ್ಕೆ ತಿರುಗುವ ಕುರ್ಚಿ, ಬಿಸಿ ಕಾಫಿ, ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಓದಿದ ಹುಡುಗ. ಆ ಕುರ್ಚಿಯ ಮೇಲೆ ವಿಮಲಮ್ಮ ಜೀವವನ್ನೇ ಇಟ್ಟುಕೊಂಡಿದ್ದರು.

"ಅಮ್ಮಾ, ಮನೇಲಿ ಅಭ್ಯಾಸ ಮಾಡಿದ್ರಾ?" ಅತುಲ್ ಮೆಲ್ಲಗೆ ಕೇಳಿದ, ಸಕ್ಕರೆ ಕಾಯಿಲೆಯವರನ್ನು ಮೈಸೂರುಪಾಕಿನ ಬಗ್ಗೆ ವಿಚಾರಿಸುವ ಹಾಗೆ.

"ದೇವ್ರಾಣೆ ಇಲ್ಲ ಸಾರ್. ಬೆರಳು ಜಾರ್ತು."

"ಐದು ಸಲ ಜಾರ್ತಾ?"

ವಿಮಲಮ್ಮ ಸೆರಗು ಸರಿಮಾಡಿಕೊಂಡರು. ಭದ್ರಾವತಿಯ ಅವರ ಬೀದಿಯಲ್ಲಿ ಅರ್ಧ ಜನರ ಮಂಡಿನೋವಿಗೆ ಈಗ ತಾವೇ ಈ ಆ್ಯಪಿನಲ್ಲಿ ನಂಬರ್ ಹಚ್ಚಿಕೊಡುತ್ತಿರುವುದನ್ನು ಅವರು ಇಲ್ಲಿ ಬಾಯಿ ಬಿಡುವಂತಿರಲಿಲ್ಲ. ಅತುಲ್ ಪರದೆಯ ಮೂಲೆಯಲ್ಲಿದ್ದ ಮೂರು ಅಡ್ಡಗೆರೆಗಳನ್ನು ತೋರಿಸಿದ. ಅದನ್ನು ಒತ್ತಿದರೆ ಮೆನು ತೆರೆಯುತ್ತದೆಂದು ಅವರಿಗೆ ನಿದ್ದೆಗಣ್ಣಿನಲ್ಲೂ ಗೊತ್ತು.

"ಇದೇನು ಹೇಳಿ ನೋಡಣ."

ವಿಮಲಮ್ಮ ಕನ್ನಡಕ ಎತ್ತಿ, ಇಳಿಸಿ, ಮತ್ತೆ ಎತ್ತಿದರು. "ವಿಭೂತಿ ಅಲ್ವಾ ಸಾರ್?"

"ಮೊದಲ್ನೇ ದಿನಾನೂ ಇದನ್ನೇ ಹೇಳಿದ್ರಿ. ಆದ್ರೆ ಆವತ್ತು ಕೈ ಮುಗಿದಿದ್ರಿ ಅಮ್ಮಾ. ಇವತ್ತು ನಕ್ಕುಬಿಟ್ರಿ." ಅತುಲ್ ನೋಟ್‌ಬುಕ್ ಮುಚ್ಚಿದ. "ನಿಮಗೆ ಬಂದ್ಬಿಟ್ಟಿದೆ. ನೀವು ಎಡವದೇ ಇದ್ರೆ ನಾನು ಏನನ್ನ ತಿದ್ಲಿ?"

"ಮರೀತೀನಿ ಸಾರ್. ಒಂದು ತಿಂಗ್ಳು ಟೈಮ್ ಕೊಡಿ. ಫೋನು ಮುಟ್ಟೋದೇ ಇಲ್ಲ."

"ಸೈಕಲ್ ಕಲ್ತೋರು ಮರೀತಾರಾ ಅಮ್ಮಾ? ಎರಡು ವಾರದಿಂದ ನಂಗೆ ಅನುಮಾನ ಇತ್ತು. ಕುಂಸಿಯಿಂದ ಒಬ್ರನ್ನ ಕರೆಸಿದೀನಿ, ಪುಟ್ಟಲಕ್ಷ್ಮಿ ಅಂತ. ಹೊರಗೆ ಕೂತಿದಾರೆ. ಅವರಿಗೆ ಏನೇನೂ ಗೊತ್ತಿಲ್ಲ!" ಹಾಗೆನ್ನುವಾಗ ಅವನ ಕಣ್ಣು ಹೊಳೆಯಿತು. ಮೂರು ವರ್ಷದ ಹಿಂದೆ ಆ ಹೊಳಪು ತಮಗಾಗಿ ಇತ್ತಲ್ಲ ಎಂದು ವಿಮಲಮ್ಮನಿಗೆ ಹೊಟ್ಟೆ ಉರಿಯಿತು. ಬ್ಯಾಗು ಎತ್ತಿಕೊಂಡರು. ಐದು ನಿಮಿಷದಲ್ಲಿ ಪುಟ್ಟಲಕ್ಷ್ಮಿಯನ್ನು ಒಳಗೆ ಕರೆಯುತ್ತೇನೆಂದು ಅತುಲ್ ಕಂಪ್ಯೂಟರಿನತ್ತ ತಿರುಗಿದ.

ಹೊರಗಿನ ಬೆಂಚಿನ ಮೇಲೆ ಪುಟ್ಟಲಕ್ಷ್ಮಿ, ಆಫೀಸಿನವರು ಕೊಟ್ಟಿದ್ದ ಫೋನನ್ನು ಎರಡೂ ಕೈಯಲ್ಲಿ ತೀರ್ಥದ ಬಟ್ಟಲಿನ ಹಾಗೆ ಹಿಡಿದು ಕೂತಿದ್ದರು. ಎಲ್ಲಿ ಮುಟ್ಟಿದರೆ ಏನಾಗಿಬಿಡುತ್ತದೋ ಎಂದು ಹೆಬ್ಬೆರಳನ್ನು ಮೇಲೆತ್ತಿಕೊಂಡಿದ್ದರು. ಅಪ್ಪಟ ಅಜ್ಞಾನ. ವಿಮಲಮ್ಮ ಒಂದು ಕ್ಷಣ ಹಾಗೇ ನಿಂತು ನೋಡಿದರು.

"ಒಳಗೆ ಕರೆದು ಒತ್ತು ಅಂತಾರಂತೆ ಅಕ್ಕಾ," ಪುಟ್ಟಲಕ್ಷ್ಮಿ ಪಿಸುಗುಟ್ಟಿದರು. "ನಂಗೇನೂ ಬರಲ್ಲ. ಮನೇಲೂ ಹಂಗೇ ಅಂತಾರೆ."

ವಿಮಲಮ್ಮನಲ್ಲಿ ಹೊಟ್ಟೆಕಿಚ್ಚು ಮೊದಲು ಎದ್ದಿತೋ ಕನಿಕರ ಮೊದಲು ಎದ್ದಿತೋ, ಅವರಿಗೇ ತಿಳಿಯಲಿಲ್ಲ. ಬೆಂಚಿನ ಮೇಲೆ ಒತ್ತಿಕೊಂಡು ಕೂತರು.

"ಕೊಡು ಮಾರಾಯ್ತಿ ಇಲ್ಲಿ. ಮೊದ್ಲು ಇದನ್ನ ಒತ್ತು. ಹೆದರ್ಬೇಡ, ತಪ್ಪಾದ್ರೆ ಹಿಂದಕ್ಕೆ ಬರಕ್ಕೆ ಈ ಬಾಣ ಇದೆ. ಇದನ್ನ ಇಷ್ಟು ದೊಡ್ಡದು ಮಾಡ್ಸಿದ್ದೇ ನಾನು."

ಅತುಲ್‌ನ ಐದು ನಿಮಿಷ ಇಪ್ಪತ್ತಾಯಿತು. ಕೊನೆಗೆ ಬಾಗಿಲು ತೆರೆದು, ಮದುಮಗಳನ್ನು ಮನೆಯೊಳಗೆ ಕರೆಯುವಷ್ಟು ಆದರದಿಂದ ಹೇಳಿದ: "ಬನ್ನಿ ಪುಟ್ಟಲಕ್ಷ್ಮಿಯವ್ರೇ. ಏನೂ ಗೊತ್ತಾಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನಮಗೆ ಅದೇ ಖುಷಿ."

"ಆಗ್ಲೇ ಆಯ್ತಲ್ಲ ಸಾರ್!" ಪುಟ್ಟಲಕ್ಷ್ಮಿ ಫೋನು ತಿರುಗಿಸಿ ಹಿಡಿದರು. ತಮ್ಮ ಸೊಂಟನೋವಿಗೆ ಒಂದು, ಗಂಡನ ಬಿಪಿಗೆ ಒಂದು, ಪಕ್ಕದ ಮನೆಯವರ ಹಲ್ಲಿಗೆ ಒಂದು. ಮೂರೂ ಹಸಿರು. ಅವರ ಮುಖ ಅರಳಿತ್ತು. "ನಿಮಗೂ ಒಂದು ಹಚ್ಲಾ? ಯಾಕೋ ಬಿಳಿಚ್ಕೊಂಡಿದೀರಿ."

ಅತುಲ್ ಬಾಗಿಲು ಹಿಡಿದುಕೊಂಡೇ ವಿಮಲಮ್ಮನತ್ತ ನೋಡಿದ. ವಿಮಲಮ್ಮನಿಗೆ ಬಸ್ಸಿನ ಅವಸರವೇನೂ ಇದ್ದಂತಿರಲಿಲ್ಲ. ಬೆಂಚಿನ ಮೇಲಿದ್ದ ಬ್ಯಾಗನ್ನು ಕೆಳಗಿಟ್ಟು ಪಕ್ಕದಲ್ಲಿ ಜಾಗ ಮಾಡಿದರು.

"ಏನೂ ಗೊತ್ತಿಲ್ಲದೋರು ಇನ್ನೂ ಯಾರಾದ್ರೂ ಇದ್ರೆ ಕರೆಸಿ ಸಾರ್," ಎಂದರು. "ನಾನಿಲ್ಲೇ ಕೂತಿರ್ತೀನಿ."