ಸೀಮೆಸುಣ್ಣದ ಹೆಜ್ಜೆ

ದಿನದ ಅಭ್ಯಾಸಕ್ಕೂ ವೇಗದ ಓಟಕ್ಕೂ ಒಂದೇ ಜೊತೆ ಸಾಕು, ಆದಷ್ಟು ಹಗುರದ್ದು ಕೊಡಿ ಎಂದಳು ಹುಡುಗಿ, ಅಂಗಡಿಯೊಳಗೆ ಕಾಲಿಟ್ಟವಳೇ. ಭಾನುವಾರ ಆಯ್ಕೆಯ ಓಟ. ಇನ್ನೆರಡು ಸೆಕೆಂಡು ಇಳಿಸಿದರೆ ತಂಡ, ಇಲ್ಲದಿದ್ದರೆ ಮನೆ.

ಊರೆಲ್ಲ ಮುಖ ನೋಡಿ ಮಣೆ ಹಾಕಿದರೆ ಈ ಶೂ ಅಂಗಡಿಯವನು ಅಂಗಾಲು ನೋಡಿ ಹಾಕುವವನು. ಯಾರೇ ಬರಲಿ, ಶೂವಿನ ಅಡಿಗೆ ಸೀಮೆಸುಣ್ಣದ ಪುಡಿ ಬಳಿದು, ಅಂಗಡಿಯ ಉದ್ದಕ್ಕೂ ಹಾಸಿದ ಕಪ್ಪು ರಬ್ಬರ್ ಚಾಪೆಯ ಮೇಲೆ ಓಡಿಸಿ, ಬಿಳಿ ಹೆಜ್ಜೆಗಳನ್ನು ಬಗ್ಗಿ ಓದಿದ ಮೇಲೆಯೇ ಪೆಟ್ಟಿಗೆ ಕಟ್ಟುತ್ತಿದ್ದ. ಜನ ನಗುತ್ತಿದ್ದರು, ಆದರೆ ಬೇರೆ ಅಂಗಡಿಗೆ ಹೋಗುತ್ತಿರಲಿಲ್ಲ. ಈ ಹುಡುಗಿಯ ಅಕ್ಕನಿಗೂ ಹಾಗೇ ಓದಿ, ತೀರಾ ಹಗುರದ್ದೊಂದನ್ನು ಕೊಟ್ಟಿದ್ದ. ಅದನ್ನು ಹಾಕಿಕೊಂಡೇ ಆಕೆ ಹೋದ ವರ್ಷ ಓಡುತ್ತ ಓಡುತ್ತ ಕುಸಿದಳು, ಮತ್ತೆ ಏಳಲಿಲ್ಲ. ಡಾಕ್ಟರು ಹೃದಯ ಅಂದರು. ಅಂಗಡಿಯವನ ಮನಸ್ಸು ಮಾತ್ರ ಇವತ್ತಿಗೂ ಶೂ ಅನ್ನುತ್ತಿತ್ತು.

ಅದಕ್ಕೇ ಮೊದಲು ದಪ್ಪ ಅಡಿಯದ್ದನ್ನು ತೊಡಿಸಿದ. ದಿನಾ ಹಗುರದ್ದರಲ್ಲಿ ಓಡಿದರೆ ಮೊಣಕಾಲು ಮುನಿಸಿಕೊಳ್ಳುತ್ತದೆ ಎಂದು ಗದರಿದ. ಅವಳು ಧಬಧಬನೆ ಓಡಿದಳು. ಚಾಪೆಯ ಮೇಲೆ ಹೆಜ್ಜೆಗಳು ಗೆರೆ ಎಳೆದಂತೆ ನೇರವಾಗಿ ಬಿದ್ದವು. ಇವಳದು ಚಿಕ್ಕಂದಿನಿಂದಲೂ ಹಾಗೇ.

ಚಾಪೆ ಒರೆಸಿ, ಅವಳ ಹಟಕ್ಕೆ ಹಗುರದ್ದನ್ನೂ ತೊಡಿಸಿದ. ಈ ಸಲ ಸದ್ದೇ ಇಲ್ಲ. ಅವನು ತಲೆ ಎತ್ತುವಷ್ಟರಲ್ಲಿ ಅವಳು ಆ ತುದಿಯಲ್ಲಿದ್ದಳು. ಅವನು ಬಗ್ಗಿ ನೋಡಿದ. ಎಡ ಹೆಜ್ಜೆ ಒಳಕ್ಕೆ ತಿರುಗಿತ್ತು. ಪ್ರತಿ ಬಲ ಹೆಜ್ಜೆಯ ಹಿಂದೆ ತುದಿಗಾಲು ಎಳೆದ ಸಣ್ಣ ಗೀಟು. ಕಾಲಿನ ಕಿರುಬೆರಳು ಮುರಿದುಕೊಂಡಿದ್ದವಳ ಗೀಟು. ಆ ಹೆಜ್ಜೆಯನ್ನು ಅವನು ಆರು ವರ್ಷ ಓದಿದ್ದ.

“ಅಕ್ಕನ ಹಾಗೆ ಓಡೋದನ್ನ ಯಾವಾಗ ಕಲಿತೆಯಮ್ಮಾ?” ಎಂದ.

“ಕಲಿತಿಲ್ಲ ಅಂಕಲ್. ಒಂದಿನ ಗೆಳತಿಯ ಹಗುರದ ಶೂ ಹಾಕ್ಕೊಂಡೆ, ಅವತ್ತಿಂದ ಹೀಗೆ. ಇಂಥದ್ದು ಹಾಕಿದ್ರೆ ಕಾಲು ನನ್ನ ಮಾತೇ ಕೇಳಲ್ಲ. ಟೈಮ್ ಮಾತ್ರ ಇಳಿಯುತ್ತೆ.”

ಅವನು ಹಗುರದ ಶೂ ಬಿಚ್ಚಿಸಿ ಪೆಟ್ಟಿಗೆಗೆ ಹಾಕಿ, ಬೆನ್ನ ಹಿಂದೆ ಸರಿಸಿಕೊಂಡ. ಇದು ಬೇಡ, ದಪ್ಪದ್ದೇ ತಗೊಂಡು ಹೋಗು, ಓಟ ಮುಂದಿನ ವರ್ಷವೂ ಇರುತ್ತದೆ, ನಿಮ್ಮಮ್ಮನಿಗೆ ಉಳಿದಿರುವವಳು ನೀನೊಬ್ಬಳೇ ಎಂದು ಅಂಗಲಾಚಿದ. ವ್ಯಾಪಾರ ಬೇಡವೆಂದು ಗಿರಾಕಿಯನ್ನು ಬೇಡಿಕೊಂಡದ್ದು ಅವನ ಜನ್ಮದಲ್ಲಿ ಅದೇ ಮೊದಲು. ಹುಡುಗಿಗೂ ಹೆದರಿಕೆಯಾಗಿತ್ತು. ಆದರೂ ಸ್ಟೂಲಿನ ಮೇಲೆ ಕುಳಿತು, ಎಡಗಾಲನ್ನು ಅವನ ಮುಂದೆ ಚಾಚಿದಳು. ಅದು ಮೆಲ್ಲಗೆ ಒಳಕ್ಕೆ ತಿರುಗಿತು.

“ಇದನ್ನೇ ಕೊಡಿ. ಲೇಸ್ ಮಾತ್ರ ಸ್ವಲ್ಪ ಸಡಿಲ ಬಿಡಿ ಅಂಕಲ್,” ಎಂದಳು. “ಬಿಗಿಯಾಗಿ ಕಟ್ಟಿದ್ರೆ ಅಕ್ಕನಿಗೆ ಆಗಲ್ಲ.”